ಒರಗಲೊಂದು ಗೋಡೆ

“ಬಾಗಿಲು ತೆಗೀಬೇಡ, ನಿಲ್ಲಪ್ಪ ಒಂದ್ನಿಮಿಷ,” ಎನ್ನುತ್ತ ಬೈರಣ್ಣ ಟೆಂಪೋದ ಹಿಂಬಾಗಿಲ ಚಿಲಕದ ಮೇಲೆ ಅಂಗೈ ಒತ್ತಿ ನಿಂತುಬಿಟ್ಟರು.

ಡ್ರೈವರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಒಳಗೆ, ಆಸ್ಪತ್ರೆಯ ಬಿಳಿ ಬಟ್ಟೆಯಡಿ, ನೀಲಗಂಗಮ್ಮ ಟೀಚರ್ ಮಲಗಿದ್ದರು. ಹಿಂದಿನ ಸಂಜೆ ಎದೆನೋವೆಂದು ಹೋದವರು ಬೆಳಕು ಹರಿಯುವ ಹೊತ್ತಿಗೆ ಇಲ್ಲವಾಗಿದ್ದರು. ಟೆಂಪೋ ಗುಂಡಿಗಿಳಿದಾಗಲೆಲ್ಲ ಆ ಮೈ ಹೊರಳಬಾರದೆಂದು ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದುಕೊಂಡು ಅನ್ನಪೂರ್ಣ ಪಕ್ಕದಲ್ಲಿ ಕೂತಿದ್ದಳು. ಪುಟ್ಟೇನಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅವರಿಬ್ಬರೂ ಟೀಚರುಗಳು. ಶಾಲೆಗೆ ಇದ್ದದ್ದು ಒಂದೇ ಉದ್ದನೆಯ ಹಾಲು. ನಡುವೆ ಒಂದು ಕಬ್ಬಿಣದ ಬೀರು ಅಡ್ಡ ನಿಲ್ಲಿಸಿ, ಆ ಕಡೆ ಅವರ ಕ್ಲಾಸು, ಈ ಕಡೆ ಇವಳದು.

ಟೆಂಪೋ ನಿಂತಿದ್ದು ಬೈರಣ್ಣನ ಮನೆಯ ಮುಂದೆ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾದ ಮೇಲೆ ಕಟ್ಟಿಸಿದ ಮನೆ ಅದು. ಅದರ ಹಿಂಬದಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ನೀಲಗಂಗಮ್ಮ ತಮ್ಮ ಅರ್ಧ ಆಯುಸ್ಸು ಕಳೆದಿದ್ದರು. ಗಂಡ ಹರೆಯದಲ್ಲೇ ಹೋಗಿದ್ದ, ಮಕ್ಕಳಿರಲಿಲ್ಲ.

“ಯಜಮಾನ್ರ, ಯಾಕ ನಿಲ್ಲಿಸಿದ್ರಿ?” ಎಂದು ನಿಂಗರಾಜ ಮುಂದಿನ ಸೀಟಿನಿಂದ ಇಳಿದು ಬಂದ. ಅವನು ನೀಲಗಂಗಮ್ಮನ ಅಣ್ಣನ ಮಗ. ಬಿಟಿಎಂನಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡು ಕೊರಿಯರ್ ಆಫೀಸಿಗೆ ಹೋಗುತ್ತಿದ್ದ.

“ತಪ್ಪು ತಿಳ್ಕೋಬೇಡಪ್ಪ. ಪಂಚಾಂಗ ತೋರ್ಸ್ಕೊಂಡು ಬಂದೆ. ಟೀಚರು ಹೋಗಿರೋ ಗಳಿಗೆ ಸರಿಯಿಲ್ಲ, ಪಂಚಕ ಅಂತೆ. ಹೆಣ ಒಳಗೆ ಬಂದ್ರೆ ಮನೆಗೆ ತಿಂಗಳುಗಟ್ಲೆ ಬೀಗ ಹಾಕ್ಬೇಕಂತೆ. ಬರೋ ವಾರ ನಮ್ಮ ಶ್ವೇತನ ಮದುವೆ ಚಪ್ಪರ. ನೀನೇ ಹೇಳು, ನಾನೇನ್ಮಾಡ್ಲಿ?”

“ಒಳಗ ಬ್ಯಾಡ್ರಿ. ಪಡಸಾಲ್ಯಾಗ ಒಂದು ಗ್ವಾಡಿ ಕೊಡ್ರಿ, ಸಾಕು.”

“ಗೋಡೆ ಯಾಕೆ?”

“ನಮ್ಮವ್ರನ್ನ ಮಲಗಿಸಿ ಮಣ್ಣು ಮಾಡಂಗಿಲ್ರಿ. ಗ್ವಾಡಿಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ ಕುಂದ್ರಿಸಬೇಕು. ಕುಂತಂಗನ ಕಳಸಬೇಕು. ಮೈ ಬಿಗಿಯೂದ್ರೊಳಗ ಆಗಬೇಕ್ರಿ ಇದು. ಈಗ್ಲೇ ಹೊತ್ತಾಗೇತಿ. ಆಮ್ಯಾಲ ಕಾಲು ಮಡಚೂದಿಲ್ಲ.”

ಅನ್ನಪೂರ್ಣ ಕನಕಪುರದ ಕಡೆಯವಳು. ಅವರಲ್ಲಿ ಸತ್ತವರು ಮಲಗಿಯೇ ಹೋಗುವವರು. ಅವಳು ಮೆಲ್ಲಗೆ ಬಟ್ಟೆಯ ಮೇಲಿಂದಲೇ ನೀಲಗಂಗಮ್ಮನ ಮಂಡಿ ಮುಟ್ಟಿ ನೋಡಿದಳು. ಮೆತ್ತಗಿದೆಯೋ ಬಿಗಿಯುತ್ತಿದೆಯೋ ತಿಳಿಯಲಿಲ್ಲ. ಆಸ್ಪತ್ರೆಯವರು ಎರಡೂ ಕಾಲಿನ ಹೆಬ್ಬೆರಳು ಸೇರಿಸಿ ಬ್ಯಾಂಡೇಜು ಸುತ್ತಿದ್ದರು. ಅದನ್ನು ಬಿಚ್ಚತೊಡಗಿದಳು.

ಅಷ್ಟರಲ್ಲಿ ಬೀದಿಯವರು ನಾಲ್ಕು ಜನ ಸೇರಿದರು, ತಲೆಗೊಂದು ಮಾತು ಬಂತು.

“ನೆಟ್ಟಗೆ ಸ್ಮಶಾನಕ್ಕೇ ಹೋಗ್ಬಿಡಿ.”

“ಅಂಜನಾಪುರದ ಕಡೆ ಗುಣಿ ತೋಡಾಕ ಹೇಳೇವ್ರಿ. ಮಧ್ಯಾಹ್ನ ಆಗ್ತೈತಂತ. ಮತ್ತ ಅಪ್ಪ ಬಸ್ಸಿನ್ಯಾಗ ಅದಾನ. ಇಳಕಲ್ಲಿಂದ ಹೊಂಟಾನ. ‘ನಮ್ಮತ್ತೀಗೆ ಆರಾಮಿಲ್ಲ, ದವಾಖಾನಿಗೆ ಹಾಕೇವಿ’ ಅಂತಷ್ಟ ಫೋನ್ ಮಾಡಿದ್ವಿ. ತಂಗಿ ಹೋಗ್ಯಾಳಂತ ಅವಂಗಿನ್ನೂ ಗೊತ್ತಿಲ್ರಿ.”

“ನಿನ್ನ ರೂಮಿಗೇ ತಗೊಂಡೋಗಪ್ಪ ಹಂಗಾದ್ರೆ.”

“ಮೂರನೇ ಮಾಳಗಿ ಐತ್ರಿ. ಗೆಳ್ಯಾ ಒಬ್ಬ ಬಂದು ಜಳಕ ಮಾಡಿದ್ರ ಓನರ್ ಓಡಿ ಬಂದು ಟ್ಯಾಂಕಿನ್ಯಾಗ ಇಣುಕ್ತಾನ. ಹೆಣ ತಂದ್ರ ಬಿಟ್ಟಾನ್ರೀ?”

ಯಾರೋ ನಕ್ಕು, ನಗುವ ಹೊತ್ತಲ್ಲವೆಂದು ನೆನಪಾಗಿ ಕೆಮ್ಮಿದರು.

ಬೈರಣ್ಣನ ಹೆಂಡತಿ ಮುನಿಲಕ್ಷ್ಮಮ್ಮ ಹೊಸಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದವರು ತಡೆಯಲಾರದೆ ಅಂದರು: “ನಮ್ಮ ರೇವಂತನ್ಗೆ ಕೈ ಹಿಡ್ದು ಅಕ್ಷರ ತಿದ್ಸಿದ್ ಕೈ ಕಣ್ರೀ ಅದು. ಬೀದೀಲಿ ಬಿಡ್ತೀರಾ?”

“ನಂಗೇನು ಮರ್ತೋಗಿದ್ಯಾ? ಒಳಗೆ ಹೋಗೇ!” ಎಂದರು ಬೈರಣ್ಣ, ಹೆಂಡತಿಯ ಮುಖ ನೋಡದೆ. ಆದರೆ ಚಿಲಕದ ಮೇಲಿನ ಕೈ ಮಾತ್ರ ಅಲ್ಲಾಡಲಿಲ್ಲ.

ಇಂಥ ಹೊತ್ತಿನಲ್ಲಿ ನಾಲ್ಕು ಮಾತಾಡಿ ಎಲ್ಲರನ್ನೂ ದಾರಿಗೆ ತರುತ್ತಿದ್ದವರು ನೀಲಗಂಗಮ್ಮ. ಅವರೀಗ ಬಟ್ಟೆಯಡಿ ಇದ್ದರು. ಅನ್ನಪೂರ್ಣಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

*

ಕೆಲಸಕ್ಕೆ ಸೇರಿದ ದಿನವೂ ಅವಳ ನಾಲಿಗೆ ಹೀಗೇ ಅಂಟಿತ್ತು. ಅದು ತೊಂಬತ್ತಾರನೇ ಇಸವಿ. ಟಿಸಿಎಚ್‌ನಲ್ಲಿ ಒಳ್ಳೆಯ ಅಂಕ ತೆಗೆದವಳು, ಪಾಠಯೋಜನೆಯನ್ನು ಬಣ್ಣದ ಪೆನ್ನಿನಲ್ಲಿ ಬರೆದು ತಂದಿದ್ದಳು. ಕ್ಲಾಸಿನೊಳಗೆ ಕಾಲಿಟ್ಟರೆ ಒಂದನೇ ಎರಡನೇ ತರಗತಿಯ ಮಕ್ಕಳೆಲ್ಲ ಸೇರಿ ಸಂತೆ. ಒಂದು ತೆಲುಗಿನಲ್ಲಿ ಅಳುತ್ತಿತ್ತು, ಒಂದು ತಮಿಳಿನಲ್ಲಿ ಚಾಡಿ ಹೇಳುತ್ತಿತ್ತು, ಮತ್ತೊಂದು ಪಕ್ಕದವನ ಕಿವಿ ಕಚ್ಚಿ ಉರ್ದುವಿನಲ್ಲಿ ಸುಳ್ಳು ಹೇಳುತ್ತಿತ್ತು. ಅನ್ನಪೂರ್ಣ ಕೂಗಿದಳು, ಬೆತ್ತದಿಂದ ಮೇಜು ಬಡಿದಳು, ಗಂಟಲು ಒಡೆದ ಮೇಲೆ ನೀರಿನ ಟ್ಯಾಂಕಿನ ಹಿಂದೆ ಓಡಿಹೋಗಿ ಅತ್ತಳು.

ಸ್ವಲ್ಪ ಹೊತ್ತಿಗೆ ನೀಲಗಂಗಮ್ಮ ಬಂದು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತರು.

“ಅಳು, ಅಳು. ಮುಗದ ಮ್ಯಾಲ ಹೋಗೂಣು. ನಾನೂ ಇದ ಟ್ಯಾಂಕಿನ ಹಿಂದ ಅತ್ತೀನಿ.”

“ನೀವಾ ಮೇಡಂ?”

“ಮತ್ತ? ಬೆಂಗಳೂರಿಗೆ ಬಂದ ಹೊಸದ್ರಾಗ ಸಾಲಿ, ಗ್ವಾಡಿ, ಕುಂದರ್ರಿ ಅಂದ್ರ ಮಕ್ಕಳು ಬಿದ್ದು ಬಿದ್ದು ನಗ್ತಿದ್ವು. ಅವರವ್ವಂದಿರು ಹೆಡ್‌ಮಾಸ್ತರ ಕಡೆ ಹೋಗಿ, ‘ಕನ್ನಡ ಬರೋ ಟೀಚರ್ ಕೊಡಿ ಸಾರ್’ ಅಂದ್ರು. ನಾ ಕನ್ನಡಿ ಮುಂದ ನಿಂತು ‘ಬರ್ತೀನಿ, ಹೋಗ್ತೀನಿ, ಕೂತ್ಕೊಳ್ಳಿ’ ಅಂತ ಬಾಯಿಪಾಠ ಮಾಡಿದೆ. ಬರಲಿಲ್ಲ ಬಿಡು.”

ಅನ್ನಪೂರ್ಣ ಅಳುವಿನಲ್ಲೇ ನಕ್ಕಳು. “ಮತ್ತೆ ಧೈರ್ಯ ಹೆಂಗೆ ಬಂತು?”

“ಬಂದಿಲ್ಲವಾ! ಇವತ್ತಿಗೂ ದಿನಾ ಮುಂಜಾನೆ ಬಾಗಲದಾಗ ನಿಂತಾಗ ಹೊಟ್ಟಿ ಕಲಸ್ತೈತಿ. ಒಳಗ ಹೋದ್ರ, ಮಕ್ಕಳಿಗೆ ನಮ್ಮ ಅಂಜಿಕಿ ನೋಡಾಕ ಪುರಸೊತ್ತಿಲ್ಲ. ಒಂದಕ್ಕ ಮೂಗು ಒರಸಬೇಕು, ಒಂದಕ್ಕ ಚಡ್ಡಿ ಏರಸಬೇಕು. ಅದು ಮಾಡೂದ್ರಾಗ ಗಂಟಿ ಹೊಡಿತೈತಿ. ನಡಿ.”

ನೀಲಗಂಗಮ್ಮ ಕಲಿಸಿದ್ದು ಯಾವ ಟ್ರೈನಿಂಗಿನಲ್ಲೂ ಸಿಕ್ಕದ್ದು. ನೀರಿಗೆ ಯಾವ ಮಗು ಮನೆಯಲ್ಲಿ ಏನನ್ನುತ್ತದೆ, ಮೊದಲು ಅದನ್ನು ತಿಳಿದುಕೋ. ಎಲ್ಲರಿಗೂ ಹೇಳಬೇಡ, ಒಬ್ಬರ ಕಣ್ಣು ನೋಡಿ ಹೇಳು, ಮಿಕ್ಕವರು ತಮಗೇನು ತಪ್ಪಿತೋ ಎಂದು ತಾವೇ ಹತ್ತಿರ ಬರುತ್ತಾರೆ. ಅವಳು ಕಲಿತಳು. ಆದರೆ ಅಷ್ಟೂ ಕಲಿತದ್ದು ಬೀರುವಿನ ಆ ಕಡೆಯಿಂದ ಬರುವ ದನಿಯ ಆಸರೆಯಲ್ಲಿ. ಒಮ್ಮೆ ಇನ್‌ಸ್ಪೆಕ್ಟರು ಬಂದು “ಎಲ್ಲಿ, ಪಾಠ ಮಾಡಿಯಮ್ಮ,” ಎಂದು ಎದುರಿಗೇ ಕುರ್ಚಿ ಹಾಕಿಕೊಂಡಾಗ ಅವಳಿಗೆ ತನ್ನ ಹೆಸರೂ ಮರೆತುಹೋಗಿತ್ತು. ಆ ಕಡೆ ನೀಲಗಂಗಮ್ಮ ತಟ್ಟನೆ ತಮ್ಮ ಮಕ್ಕಳಿಂದ ಮಗ್ಗಿ ಶುರುಮಾಡಿಸಿದರು. ಈ ಕಡೆಯ ಮಕ್ಕಳಿಗೆ ಸೋಲು ಸಹಿಸದು, ಇನ್ನೂ ಜೋರಾಗಿ ಹಿಡಿದವು. ಹಾಲಿನ ಚಾವಣಿಯ ತಗಡು ಹಾರುವಂತೆ ಮಗ್ಗಿ. ಇನ್‌ಸ್ಪೆಕ್ಟರು ಕಿವಿ ಮುಚ್ಚಿಕೊಂಡು “ಗುಡ್, ಗುಡ್,” ಎನ್ನುತ್ತಾ ಎದ್ದುಹೋದರು.

ಆಮೇಲೆ ಸುತ್ತಮುತ್ತ ಅಪಾರ್ಟ್‌ಮೆಂಟುಗಳು ಏಳತೊಡಗಿದವು. ರಾಯಚೂರು, ಗುಲ್ಬರ್ಗದಿಂದ ಗಾರೆ ಕೆಲಸಕ್ಕೆ ಬಂದವರು ತಗಡಿನ ಶೆಡ್ಡುಗಳಲ್ಲಿ ಇಳಿದರು. ಅವರ ಮಕ್ಕಳು ಶಾಲೆಗೆ ಬಂದು, ಬಾಯಿ ಬಿಟ್ಟರೆ ಎಲ್ಲರೂ ನಗುತ್ತಾರೆಂದು ಮೂಗರಂತೆ ಕೂರುತ್ತಿದ್ದರು. ನೀಲಗಂಗಮ್ಮ ಒಂದು ದಿನ ಅವರೆದುರು ಮಂಡಿಯೂರಿ, “ಯಾಕವಾ, ಮುಂಜಾನಿ ರೊಟ್ಟಿ ತಿಂದಿಲ್ಲೇನ?” ಎಂದರು. ಕನ್ನಡಿಯ ಮುಂದೆ ನಿಂತರೂ ಹೋಗದಿದ್ದ ಆ ಮಾತು ಕೇಳಿದ್ದೇ ಮಕ್ಕಳು ಅವರ ಸೆರಗು ಹಿಡಿದುಕೊಂಡವು. ಅಂದಿನಿಂದ ಇಡೀ ಶಾಲೆಗೆ ಅವರು ಅಕ್ಕೋರು.

*

ಅನ್ನಪೂರ್ಣ ಟೆಂಪೋದ ಮುಂದಿನ ಬಾಗಿಲಿನಿಂದ ಇಳಿದು ಮೂಲೆಯ ಅಂಗಡಿಯ ಕಾಯಿನ್ ಫೋನಿಗೆ ಹೋದಳು. ಹೆಡ್‌ಮಾಸ್ತರ್ ಗಂಗಾಧರಯ್ಯ ಎರಡು ದಿನದ ತರಬೇತಿಗೆ ಹೋಗಿದ್ದರು. ಅಲ್ಲಿ ಫೋನೆತ್ತಿದ ಯಾರೋ ಅವರನ್ನು ಕರೆದುಕೊಟ್ಟರು. ಅವಳು ವಿಷಯ ಹೇಳಿದಳು.

“ಸಾರ್, ಸ್ಕೂಲ್ ಹಾಲಲ್ಲಿ ಕೂರಿಸಬಹುದಾ ಸಾರ್? ಮಧ್ಯಾಹ್ನದವರೆಗೆ ಅಷ್ಟೇ.”

“ಅಮ್ಮಾ, ನಾನು ರಿಟೈರಾಗೋಕೆ ಇನ್ನೆಷ್ಟು ದಿನ ಇದೆ ಅಂತ ಗೊತ್ತಲ್ಲ ನಿನಗೆ? ಆಫೀಸಲ್ಲಿ ಕೇಳಿದ್ರೆ ಬೇಡ ಅಂತಾರೆ. ಕೇಳದೆ ಮಾಡಿದ್ರೆ ನೋಟಿಸ್ ಕೊಡ್ತಾರೆ. ನೋಡು, ನೀನು ನನಗೆ ಫೋನೇ ಮಾಡಿಲ್ಲ.”

“ಮಾಡಿದೀನಲ್ಲ ಸಾರ್.”

“ಮಾಡಿಲ್ಲ ಅಂತಿದೀನಲ್ಲಮ್ಮ!” ಎಂದು ರೇಗಿದರು. ಆಮೇಲೆ ದನಿ ಕುಗ್ಗಿಸಿ ಕೇಳಿದರು: “ಮುಖ ಹೇಗಿದೆ? ಶಾಂತವಾಗಿದೆಯಾ?”

“ಹೂಂ ಸಾರ್.” ಫೋನು ಕುಂಯ್ ಎಂದು ಕಡಿದುಹೋಯಿತು.

ಅವಳು ವಾಪಸು ಬಂದಾಗ ನಿಂಗರಾಜ ಟೆಂಪೋದೊಳಗೆ ಅತ್ತೆಯ ಕಾಲು ತಿಕ್ಕುತ್ತಾ ಕೂತಿದ್ದ, ಚಳಿ ಹತ್ತಿದವರ ಕಾಲು ತಿಕ್ಕುವ ಹಾಗೆ. ಅದನ್ನು ಕಂಡದ್ದೇ ಅನ್ನಪೂರ್ಣ ಡ್ರೈವರಿಗೆ ಹೇಳಿದಳು:

“ಅಣ್ಣ, ಸ್ಕೂಲಿನ ಹತ್ರ ತಿರುಗಿಸಿ.”

“ಏನಮ್ಮ, ಯಾವ್ ಸ್ಕೂಲು?” ಎಂದರು ಬೈರಣ್ಣ. ಶಾಲೆಯ ಸಮಿತಿಗೂ ಅವರೇ ಅಧ್ಯಕ್ಷರು. “ಮಕ್ಕಳು ಕೂರೋ ಜಾಗದಲ್ಲಿ ಹೆಣ ಇಟ್ರೆ ನಾಳೆ ಯಾವ ತಾಯಿ ಮಗೂನ ಕಳಿಸ್ತಾಳೆ? ಹೆದ್ರಿಕೊಳ್ಳಲ್ವಾ ಮಕ್ಳು? ಯಾರನ್ನ ಕೇಳಿದ್ರಿ ನೀವು?”

ಅನ್ನಪೂರ್ಣಳ ಹೊಟ್ಟೆ ಕಲಸಿತು. ಬೀರುವಿನ ಆ ಕಡೆಯಿಂದ ಈಗ ಯಾರೂ ಮಗ್ಗಿ ಶುರುಮಾಡುವವರಿರಲಿಲ್ಲ.

“ಯಾರನ್ನೂ ಕೇಳಿಲ್ಲ ಸಾರ್. ಬೀಗದ ಕೈ ನನ್ನ ಹತ್ರ ಇದೆ. ನೀವು ಆಮೇಲೆ ಬೈರಿ, ಬೈಸ್ಕೋತೀನಿ. ಕಂಪ್ಲೇಂಟ್ ಕೊಡಿ, ಸಹಿ ಮಾಡ್ತೀನಿ. ಈಗ ಕೈ ತೆಗೀರಿ ಸಾರ್, ಅವರ ಕಾಲು ಬಿಗಿದುಹೋಗ್ತಿದೆ.”

ಕೊನೆಯ ಮಾತು ಅಳುವಾಗಿ ಹೊರಬಂತು. ಬೈರಣ್ಣ ಅವಳನ್ನೇ ನೋಡಿದರು. ಮೆಲ್ಲಗೆ ಚಿಲಕದಿಂದ ಕೈ ತೆಗೆದರು.

*

ಕರಿಹಲಗೆಯ ಕೆಳಗೆ, ಗೋಡೆಯ ಬುಡದಲ್ಲಿ ಕಂಬಳಿ ಹಾಸಿದರು. ನಿಂಗರಾಜ ಎಲ್ಲಿಂದಲೋ ತಮ್ಮೂರ ಕಡೆಯ ಇಬ್ಬರು ಹೆಂಗಸರನ್ನೂ, ವಿಭೂತಿ ಹಿಡಿದ ಒಬ್ಬ ಅಯ್ಯನವರನ್ನೂ ಕರೆತಂದ. ಹೆಂಗಸರು ಮೈ ಒರೆಸಿ ಬೇರೆ ಸೀರೆ ಉಡಿಸಿದರು. ಬಲಗಾಲು ಹೇಗೋ ಮಡಚಿತು. ಎಡಗಾಲು ಬಗ್ಗಲೊಲ್ಲದು.

“ಬಿಸಿನೀರು ಬೇಕ್ರಿ,” ಎಂದಳು ಒಬ್ಬಳು.

ಎಲ್ಲಿಂದ ತರುವುದೆಂದು ಅನ್ನಪೂರ್ಣ ಬಾಗಿಲ ಕಡೆ ತಿರುಗಿದರೆ, ಹಿತ್ತಲ ಗೇಟಿನಿಂದ ಮುನಿಲಕ್ಷ್ಮಮ್ಮ ಸೊಂಟದ ಮೇಲೆ ಹಬೆಯಾಡುವ ಬಿಂದಿಗೆ ಇಟ್ಟುಕೊಂಡು ಏದುಸಿರು ಬಿಡುತ್ತ ಬರುತ್ತಿದ್ದರು. ಸೀರೆಯೆಲ್ಲ ತೊಯ್ದಿತ್ತು.

“ಅವ್ರು ನಮ್ಮನೆಗೆ ಬರ್ಬಾರ್ದು ಅಂದ್ರು ನಮ್ ಯಜಮಾನ್ರು. ನಾನು ಅವ್ರತ್ರ ಹೋಗ್ಬಾರ್ದು ಅಂತ ಅಂದಿಲ್ವಲ್ಲ,” ಎಂದು ಬಿಂದಿಗೆ ಇಳಿಸಿದರು. ಅರಿವೆ ಅದ್ದಿ ಹಿಂಡಿ ಮಂಡಿಯ ಮೇಲೆ ಹಾಕಿದರು. ಆರಿತು, ಮತ್ತೆ ಹಾಕಿದರು. ಅನ್ನಪೂರ್ಣ ಎರಡೂ ಕೈಯಿಂದ ಮೀನಖಂಡ ನೀವುತ್ತಿದ್ದಳು. ಬಿಸಿಲಲ್ಲಿ ಮನೆಮನೆ ಸುತ್ತಿ ಮಕ್ಕಳ ಗಣತಿ ಬರೆದ ಕಾಲು ಅದು. ಎರಡು ದಿನದ ಹಿಂದೆ ಆ ಬಿಸಿಲಿನಲ್ಲೇ ಎದೆ ಹಿಡಿದು ನಿಂತು, ಸೋಡಾ ಕುಡಿದು, “ಗ್ಯಾಸ್ ಆಗೇತಿ, ಏನಿಲ್ಲ, ಇನ್ನೊಂದು ಬೀದಿ ಮುಗಿಸೂಣು,” ಅಂದಿದ್ದರು.

ಕಾಲು ಸ್ವಲ್ಪ ಸ್ವಲ್ಪವಾಗಿ ಬಗ್ಗಿತು.

“ಮೆಲ್ಲಗೆ,” ಎಂದಳು ಅನ್ನಪೂರ್ಣ. “ಮೆಲ್ಲಗೆ ರೀ, ನೋವಾಗುತ್ತೆ.”

ಹೆಂಗಸರು ಇನ್ನೂ ಮೆಲ್ಲಗೆ ಮಡಚಿದರು.

ಬೆನ್ನು ಗೋಡೆಗೆ ಒರಗಿತು. ತಲೆ ವಾಲದಂತೆ ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಹಣೆಗೆ ಸುತ್ತಿ, ಹಲಗೆಯ ಮೊಳೆಗೆ ಕಟ್ಟಿದರು. ಅಯ್ಯನವರು ಎಡ ಅಂಗೈಯಲ್ಲಿ ಲಿಂಗವಿಟ್ಟು, ಹಣೆಗೆ ವಿಭೂತಿ ಹಚ್ಚಿ, ಹೂವು ತರುತ್ತೇನೆಂದು ನಿಂಗರಾಜನನ್ನು ಕರೆದುಕೊಂಡು ಹೋದರು. ಮುನಿಲಕ್ಷ್ಮಮ್ಮ ಒಮ್ಮೆ ಕಾಲು ಮುಟ್ಟಿ, ಖಾಲಿ ಬಿಂದಿಗೆ ಎತ್ತಿಕೊಂಡು ಮನೆಗೆ ನಡೆದರು. ಆ ಹೆಂಗಸರಿಬ್ಬರೂ ಕೈಕಾಲು ತೊಳೆಯಲು ಹಿಂದಿನ ಟ್ಯಾಂಕಿನ ಕಡೆ ಹೋದರು.

ಬೆಳಿಗ್ಗೆಯೇ ಮಕ್ಕಳಿಗೆ ರಜೆ ಹೇಳಿಸಿ ಆಗಿತ್ತು. ಮನೆಯಿದ್ದ ಮಕ್ಕಳು ಹೋಗಿದ್ದರು. ಶೆಡ್ಡಿನ ಮಕ್ಕಳು ಎಲ್ಲಿಗೆ ಹೋಗಬೇಕು? ಅಪ್ಪ ಅಮ್ಮ ತಗಡಿನ ಬಾಗಿಲಿಗೆ ಬೀಗ ಹಾಕಿ ಕೆಲಸಕ್ಕೆ ಹೋದರೆ ಊಟದ ಹೊತ್ತಿಗೇ ಬರುವುದು. ಕಾಂಪೌಂಡಿನ ನೆರಳಲ್ಲಿ ಕೂತಿದ್ದ ಅವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಮುಂದೆ ಲಕ್ಕವ್ವ. ಸೊಂಟದ ಮೇಲೆ ಎಂದಿನಂತೆ ಪುಟ್ಟ ತಂಗಿ. ಅನ್ನಪೂರ್ಣ ಅಡ್ಡ ನಿಲ್ಲಬೇಕೆಂದುಕೊಳ್ಳುವಷ್ಟರಲ್ಲಿ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೊರಗಿದ ಅಕ್ಕೋರನ್ನು ನೋಡಿ, ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆಗಳನ್ನು ತಾವೇ ಬಿಡಿಸಿ, ಸಾಲಾಗಿ ಕೂತವು.

ಒಂದು ಮಗು ಏನೋ ಕೇಳಲು ಬಾಯಿ ತೆರೆಯಿತು. “ಶ್!” ಎಂದಳು ಲಕ್ಕವ್ವ.

ಹೊರಗೆ ಗೇಟಿನ ಸದ್ದಾಯಿತು. ಬಿಳಿ ಪಂಚೆ, ತಲೆಗೆ ರುಮಾಲು, ಕೈಯಲ್ಲಿ ಬುತ್ತಿಯ ಗಂಟು ಹಿಡಿದ ಮುದುಕರೊಬ್ಬರು ಬಿಸಿಲಿನಿಂದ ಬಂದು ಬಾಗಿಲಲ್ಲಿ ನಿಂತರು. ಗುರುಬಸಪ್ಪ, ನೀಲಗಂಗಮ್ಮನ ಅಣ್ಣ. ಬಿಸಿಲಿನ ಕಣ್ಣಿಗೆ ಒಳಗಿನ ಮಬ್ಬಿನಲ್ಲಿ ಎದುರು ಗೋಡೆಗೆ ಕೂತ ತಂಗಿ, ಅವಳ ಮುಂದೆ ಕೂತ ಮಕ್ಕಳು ಅಷ್ಟೇ ಕಂಡಿರಬೇಕು. ಮುಖ ಅರಳಿಬಿಟ್ಟಿತು.

“ನೋಡ್ರೀ ಬಾಯಾರ, ಇದು ನಮ್ಮ ತಂಗಿ!” ಎಂದು ಅನ್ನಪೂರ್ಣಳ ಕಡೆ ತಿರುಗಿ ನಕ್ಕರು. “ದವಾಖಾನ್ಯಾಗ ಅದಾಳಂತ ಫೋನ್ ಮಾಡ್ತಾರ. ರಾತ್ರೆಲ್ಲ ಬಸ್ಸಿನ್ಯಾಗ ಜೀವಾ ಕೈಯಾಗ ಹಿಡ್ಕೊಂಡು ಬಂದೀನಿ. ಮನಿ ಕಡೆ ಹೋದ್ರ ಆ ಓನರಮ್ಮ ಬಾಯಿ ಬಿಡವೊಲ್ಲಳು, ‘ಸ್ಕೂಲಲ್ಲಿದಾರೆ’ ಅಂತ ಕೈ ತೋರ್ಸಿದ್ಳು. ಬಂದು ನೋಡಿದ್ರ ಪಾಠಾ ಮಾಡಾಕ ಕುಂತಾಳ! ನೀಲಾ, ನಿನಗ ಮೈಯಾಗ ಏನರ ಬುದ್ಧಿ ಐತೇನ? ಒಂದಿನಾ ಮನಿಯಾಗ ಮಲಗಬಾರದ? ನಿಮ್ಮ ವೈನಿ ರೊಟ್ಟಿ ಕಟ್ಟ್ಯಾಳ…”

ಅನ್ನಪೂರ್ಣ ಅವರ ತೋಳು ಹಿಡಿದಳು. ಹೇಳಬೇಕಿತ್ತು. ಹೇಳುವವರು ಅವಳನ್ನು ಬಿಟ್ಟು ಅಲ್ಲಿ ಯಾರೂ ಇರಲಿಲ್ಲ.

“ಅಣ್ಣ,” ಎಂದಳು. “ಬೆಳಿಗ್ಗೆ ಹೋಗ್ಬಿಟ್ರು ಅಣ್ಣ.”

“ಎಲ್ಲಿಗೆ?” ಎಂದರು ಗುರುಬಸಪ್ಪ ಇನ್ನೂ ನಗುತ್ತಲೇ.

ಆಮೇಲೆ ಅವರ ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಂಡಿತು. ಹಣೆಯ ಪಟ್ಟಿ ಕಂಡಿತು, ಅದು ಏರಿ ಮೊಳೆಗೆ ಸೇರಿದ್ದು ಕಂಡಿತು. ತಮ್ಮ ತಂದೆಯನ್ನು, ತಾಯಿಯನ್ನು ಹಾಗೆ ಕಟ್ಟಿದ ಕೈ ಅವರದು. ರೊಟ್ಟಿಯ ಗಂಟನ್ನು ಮೆಲ್ಲಗೆ ನೆಲಕ್ಕಿಟ್ಟು, ಮಕ್ಕಳ ಹಿಂದೆ ಕುಸಿದು ಕೂತರು. “ಪಾಠಾ ಮಾಡಾಕತ್ತೀ ಅಂದ್ಕೊಂಡ್ನಲ್ಲವಾ…” ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ, ಎದೆ ಬಡಿದುಕೊಂಡು ಅತ್ತರು. ಮಕ್ಕಳು ತಿರುಗಿ ಅವರನ್ನೇ ನೋಡಿದವು.

*

ಕೂರಿಸಿಕೊಂಡು ಒಯ್ಯುವ ಬಿದಿರಿನ ವಿಮಾನ ಬಂತು, ಜೊತೆಗೆ ಡೊಳ್ಳಿನವರೂ ಬಂದರು. ಕೂತವರನ್ನು ಕೂತಂತೆಯೇ ಎತ್ತಿ, ಹೂವು ಹಾಕಿ, ಟ್ರ್ಯಾಕ್ಟರಿನ ಮೇಲಿಟ್ಟರು. ಬೈರಣ್ಣ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದರು. ಒಳಗೆ ಬರಲಿಲ್ಲ. ಟ್ರ್ಯಾಕ್ಟರು ಹೊರಟಾಗ ಅದರ ಹಿಂದೆ ಬರಿಗಾಲಲ್ಲೇ ನಡೆದರು.

“ಬರಂಗಿಲ್ರೇನ್ರೀ ಮೇಡಂ?” ಎಂದ ನಿಂಗರಾಜ.

ಹೋಗಬೇಕೆಂದು ಅವಳ ಜೀವ ಎಳೆಯುತ್ತಿತ್ತು. “ಮಕ್ಕಳಿದಾರೆ,” ಎಂದಳು. “ಇವರ ತಾಯಂದಿರು ಬರೋವರೆಗೆ ಬಿಟ್ಟು ಬರೋಕಾಗಲ್ಲ.”

ಡೊಳ್ಳಿನ ಸದ್ದು ಕೆರೆಯ ಏರಿ ದಾಟಿ ಸಣ್ಣಗಾಯಿತು. ಅನ್ನಪೂರ್ಣ ಹಾಲಿಗೆ ವಾಪಸು ಬಂದಳು. ಮಕ್ಕಳು ಇನ್ನೂ ಹಾಗೇ ಸಾಲಾಗಿ ಕೂತಿದ್ದವು, ಬರಿಯ ಗೋಡೆಗೆ ಮುಖಮಾಡಿ. ಗೋಡೆಯ ಸುಣ್ಣದ ಮೇಲೆ ಒಂದು ಬೆನ್ನಿನಷ್ಟು ಅಗಲ ಒದ್ದೆಯಾಗಿತ್ತು.

ಅವಳು ಅವರ ಮುಂದೆ ಹೋಗಿ ನಿಂತಳು. ಹೇಳಬೇಕು. ಅಕ್ಕೋರು ದೇವರ ಹತ್ತಿರ ಹೋದರು ಎನ್ನಬೇಕೋ, ಊರಿಗೆ ಹೋದರು ಎನ್ನಬೇಕೋ. ಯಾರ ಕಣ್ಣು ನೋಡಿ ಹೇಳಲಿ ಎಂದು ಹುಡುಕಿದರೆ ಲಕ್ಕವ್ವ ಅವಳನ್ನೇ ನೋಡುತ್ತಿದ್ದಳು.

“ಮಿಸ್, ಅಕ್ಕೋರ್ನ ಮಣ್ಣು ಮಾಡಾಕ ಒಯ್ದ್ರಲ್ರಿ?”

ಅನ್ನಪೂರ್ಣ ಬೆಚ್ಚಿದಳು. “ನಿಂಗೆ ಗೊತ್ತಿತ್ತಾ?”

“ಹೂನ್ರಿ. ನಮ್ಮ ಮುತ್ಯಾಗೂ ಹಿಂಗ ಕುಂದ್ರಿಸಿದ್ರು. ಎಲ್ಲಾರ್ಗೂ ಗೊತ್ತಿತ್ರಿ.”

“ಮತ್ತೆ… ಮತ್ತ್ಯಾಕೆ ಎಲ್ರೂ ಬಂದು ಕೂತ್ರಿ?”

ಲಕ್ಕವ್ವ ತಂಗಿಯ ಮೂಗು ಒರೆಸಿದಳು. ಇಷ್ಟೂ ತಿಳಿಯದೇ ಎಂಬಂತೆ ಹೇಳಿದಳು:

“ಅಕ್ಕೋರು ಒಬ್ರ ಕುಂತಿದ್ರಲ್ರಿ.”

ಅನ್ನಪೂರ್ಣ ಕೈಗೆ ಸಿಕ್ಕ ಬೀರುವಿನ ಅಂಚು ಹಿಡಿದುಕೊಂಡಳು. ಅದರ ಆ ಕಡೆ ಏನೂ ಸದ್ದಿರಲಿಲ್ಲ. ಆಮೇಲೆ ಮಕ್ಕಳ ನಡುವೆ ದಾರಿ ಮಾಡಿಕೊಂಡು ನಡೆದಳು. ಲಕ್ಕವ್ವ ತಂಗಿಯನ್ನು ಎತ್ತಿ ಮತ್ತೊಂದು ತೊಡೆಗೆ ಹಾಕಿಕೊಂಡು, ಚಾಪೆಯ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಅವಳಿಗೆ ಜಾಗ ಬಿಟ್ಟಳು.